ಅಣ್ಣನನ್ನು ನೆನೆದವರು

ನವೆಂಬರ್ 9, ಭಾನುವಾರ

ಇವತ್ತು ಒಂದು ಸುಳ್ಳು ಹೇಳಿ ಬಂದೆ. ಅದೇ ಕೊರೀತಿದೆ.

ಅಣ್ಣ ಹೋಗಿ ತಿಂಗಳಾಯ್ತು ಅಂತ ಅಭಿಮಾನಿಗಳು ಫುಟ್‌ಬಾಲ್ ಕ್ಲಬ್ಬಿನಲ್ಲಿ ಸೇರಿದ್ದರು. ಅವರಿಗೆ ಅವನು ಇವತ್ತಿಗೂ ಕ್ಯಾಪ್ಟನ್ನೇ. ಸೋತ ದಿನ ಗೋಲ್‌ಕೀಪರನ ಹೆಗಲ ಮೇಲೆ ಕೈಹಾಕಿ, 'ತಪ್ಪು ನನ್ನದು' ಅನ್ನುತ್ತಿದ್ದನಂತೆ. ಮನೆಯಲ್ಲಿ ತಾನು ಒಡೆದ ಲೋಟವನ್ನೂ ತಂಗಿಯಾದ ನನ್ನ ತಲೆಗೆ ಕಟ್ಟುತ್ತಿದ್ದ ಭೂಪ! ನಗು ಬಂತು, ಕಣ್ಣೂ ತುಂಬಿತು.

ಹೊರಡುವಾಗ ವೆಲ್ಡಿಂಗ್ ಕೆಲಸದ ಹಿರಿಯರೊಬ್ಬರು ತಡೆದರು. "ಫೈನಲ್‌ನಲ್ಲಿ ಹಣೆ ಒಡೆದು ರಕ್ತ ಸುರೀತಿದ್ರೂ ತಲೆಯಿಂದಲೇ ಗೋಲ್ ಹೊಡೆದ್ರಲ್ಲ, ಅದನ್ನ ಮನೇಲಿ ಹೇಳ್ತಿದ್ರೇನಮ್ಮಾ?"

"ಕೊನೇವರೆಗೂ ಹೇಳ್ತಿದ್ದ," ಅಂದೆ. ಅವರು ಮಗುವಿನ ಹಾಗೆ ಅತ್ತುಬಿಟ್ಟರು.

ನಿಜ ಹೇಗೆ ಹೇಳಲಿ? ಮರೆವಿನ ಕಾಯಿಲೆ ಬಂದ ಮೇಲೆ ಅವನಿಗೆ ಆ ಗೋಲಿರಲಿ, ಫುಟ್‌ಬಾಲ್ ಆಡಿದ್ದೇ ನೆನಪಿರಲಿಲ್ಲ. ನಾನು ಯಾರೆಂದೂ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಆ ಫೈನಲ್‌ನ ಫೋಟೋ ತೋರಿಸಿದೆ. ತುಂಬ ಹೊತ್ತು ನೋಡಿ, ಫೋಟೋದಲ್ಲಿದ್ದವನ ಹಣೆಯನ್ನು ಬೆರಳಿಂದ ಮೆಲ್ಲಗೆ ಸವರಿದ.

"ಪಾಪ, ಈ ಹುಡುಗನಿಗೆ ಎಷ್ಟು ನೋವಾಗಿರಬೇಕು! ಯಾರೂ ನೋಡ್ಕೊಳ್ಳಲಿಲ್ವಾ?" ಅಂದ.

ಎಲ್ಲ ಮರೆತಿದ್ದವನಲ್ಲಿ ಆ ಮರುಕವೊಂದು ಮಾತ್ರ ನಮ್ಮ ಅಣ್ಣನದೇ ಆಗಿತ್ತು. ಆ ಹಿರಿಯರಿಗೆ ಇದನ್ನಾದರೂ ಹೇಳಬಹುದಿತ್ತೋ ಏನೋ.