ಅಂಗಿ ಕ್ಷೇಮವಾಗಿತ್ತು

ಮಕ್ಕಳ ಸುರಕ್ಷತೆಯ ಹೊಣೆ ಹೊತ್ತ ಮುಖ್ಯಾಧಿಕಾರಿಗಳೇ,

ಮಕ್ಕಳು ಎಲ್ಲಿದ್ದಾರೆಂದು ಫೋನಿಗೆ ತೋರಿಸುವ ಹೊಸ ಉಪಕರಣ ತರಿಸುತ್ತಿದ್ದೀರಂತೆ. ಮಣಿಕಟ್ಟಿಗೋ, ಕೊರಳಿಗೋ, ಬೂಟಿನೊಳಕ್ಕೋ, ಯಾವ ಬಣ್ಣದ್ದು ಬೇಕು ಎಂದು ಪೋಷಕರೇ ಆರಿಸಬೇಕಂತೆ. ನಿಮ್ಮ ಹಳೆಯ ಉಪಕರಣವನ್ನು ನಂಬಿ, ಶಾಲೆಯ ಈಜುಕೊಳದಲ್ಲಿ ನನ್ನ ಹಿರಿಮಗಳನ್ನು ಕಳೆದುಕೊಂಡೆ. ಕಿರಿಯವಳಿಗೆ ಯಾವುದು ಬೇಕೆಂದು ಈಗ ಕೇಳುತ್ತಿದ್ದೀರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಕಂಡಿದ್ದೆ. ಆ ಬಾಗಿಲಿಗೆ ಯಾವ ಬಣ್ಣ ಬಳಿಯೋಣ ಎಂದು ಕಳೆದುಕೊಂಡವರನ್ನೇ ಕೇಳುವವರನ್ನು ಕಾಣುತ್ತಿರುವುದು ಇದೇ ಮೊದಲು.

ನಾನು ಬಟ್ಟೆ ಹೊಲಿಯುವವಳು. ಗುಂಡಿಯಷ್ಟಗಲದ ಆ ಹಳೆಯ ಉಪಕರಣವನ್ನು ಮಕ್ಕಳು ಕಿತ್ತು ಬಿಸಾಡುತ್ತಾರೆ, ಆದ್ದರಿಂದ ಸಮವಸ್ತ್ರದ ಕಾಲರಿನೊಳಗೆ ಭದ್ರವಾಗಿ ಹೊಲಿಯತಕ್ಕದ್ದು ಎಂದು ನೀವು ಸುತ್ತೋಲೆ ಹೊರಡಿಸಿದಾಗ, ಬೀದಿಯ ಅಂಗಿಗಳೆಲ್ಲ ನನ್ನ ಮೆಷಿನ್ನಿನ ಪಕ್ಕ ಬಂದು ಬಿದ್ದವು. ನನ್ನ ಮಗಳದನ್ನೂ ಗಟ್ಟಿಯಾಗಿ ಹೊಲಿದೆ. ಮನೆಯಲ್ಲಿ ಅವಳನ್ನು ಚಿನಕುರುಳಿ ಅಂತಿದ್ದೆವು. ಬಾಯಿಗೆ ಬಿಡುವೇ ಇರಲಿಲ್ಲ.

"ಅಮ್ಮಾ, ಕತ್ತಿಗೆ ಚುಚ್ಚುತ್ತೆ," ಅಂದಳು.

"ಚುಚ್ಚಲಿ ಬಿಡೇ. ನೀನೆಲ್ಲಿದೀಯ ಅಂತ ನಂಗೆ ಗೊತ್ತಾಗುತ್ತಲ್ಲ."

"ಇನ್ನೆಲ್ಲಿ ಹೋಗ್ತೀನಿ? ಸ್ಕೂಲಲ್ಲೇ ಇರ್ತೀನಪ್ಪ!"

ಅದೇ ಸುತ್ತೋಲೆಯಲ್ಲಿ ಇನ್ನೊಂದು ಅಪ್ಪಣೆಯಿತ್ತು: ಇನ್ನುಮುಂದೆ ಶಿಕ್ಷಕರು ಪ್ರತ್ಯೇಕವಾಗಿ ತಲೆ ಎಣಿಸುವ ಅಗತ್ಯವಿಲ್ಲ, ಪರದೆಯ ಮೇಲಿನ ಚುಕ್ಕಿಗಳನ್ನು ನೋಡಿದರೆ ಸಾಕು. ಆಹಾ, ಎಂಥ ಅನುಕೂಲ! ನೀರಿಗಿಳಿಯುವ ಮಗು ಅಂಗಿ ಬಿಚ್ಚಿಟ್ಟು ಇಳಿಯುತ್ತದೆ ಎಂಬುದು ನಿಮ್ಮ ಅಷ್ಟು ದೊಡ್ಡ ಕಚೇರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ನಿಮ್ಮಲ್ಲಿ ಯಾರೂ ಒಂದು ಮಗುವಿಗೆ ಸ್ನಾನ ಮಾಡಿಸಿಲ್ಲವೇ?

ಅವತ್ತು ಈಜು ಮುಗಿಯಿತು. ಮೇಲೆ ಬಂದವರನ್ನು ಯಾರೂ ಎಣಿಸಲಿಲ್ಲ. ಟೀಚರಮ್ಮ ಪರದೆ ನೋಡಿದರೆ, ನನ್ನ ಮಗಳ ಹಸಿರು ಚುಕ್ಕಿ ಬಟ್ಟೆ ಬದಲಿಸುವ ಕೋಣೆಯಲ್ಲಿತ್ತು. ನಿಧಾನದ ಹುಡುಗಿ, ಬರ್ತಾಳೆ ಅಂದುಕೊಂಡರಂತೆ. ಅವರನ್ನು ಬೈಯಲು ನನಗೆ ಬಾಯಿಲ್ಲ. ಇಲ್ಲಿ ಮೆಷಿನ್ನಿನ ಮುಂದೆ ಕೂತು ನಾನೂ ಫೋನಿನಲ್ಲಿ ಅದೇ ಚುಕ್ಕಿ ನೋಡಿ, "ನೋಡ್ರೀ ನಿಮ್ಮ ಮಗಳನ್ನ, ಇನ್ನೂ ಬಟ್ಟೆ ಹಾಕ್ಕೊಳ್ತಾನೇ ಇದಾಳೆ! ಯಾರ ಹತ್ರ ಹರಟೆ ಹೊಡೀತಿದಾಳೋ," ಎಂದು ಗಂಡನಿಗೆ ತೋರಿಸಿದೆ. ಇಬ್ಬರೂ ನಕ್ಕೆವು. ನಕ್ಕೆವು, ಸ್ವಾಮಿ. ಆ ಹೊತ್ತಿಗೆ ನನ್ನ ಕಂದ ನೀರಿನ ತಳದಲ್ಲಿದ್ದಳು, ಅಂಗಿ ಗೂಟದಲ್ಲಿ ನೇತಾಡುತ್ತಿತ್ತು.

"ಉಪಕರಣದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ" ಎನ್ನುತ್ತದೆ ನಿಮ್ಮ ತನಿಖಾ ವರದಿ. ಒಪ್ಪಿದೆ. ಅಂಗಿ ಎಲ್ಲಿದೆಯೆಂದು ಅದು ಚೂರೂ ತಪ್ಪಿಲ್ಲದೆ ಹೇಳಿತು. ಆ ಅಂಗಿ ಕ್ಷೇಮವಾಗಿ ಮನೆಗೆ ಬಂತು. ಅದನ್ನು ಒಗೆಯಲು ಇಂದಿಗೂ ನನ್ನ ಕೈ ಬಂದಿಲ್ಲ.

ಈಗ ಹೊಸ ಉಪಕರಣ ತೊಡದ ಮಗುವನ್ನು ಶಾಲೆಯೊಳಕ್ಕೆ ಬಿಡುವುದಿಲ್ಲವಂತೆ. "ಇದು ನೀರಲ್ಲೂ ಕೆಡಲ್ಲ, ಯೋಚನೆ ಮಾಡ್ಬೇಡಿ ಅಮ್ಮಾ," ಎಂದು ನಿಮ್ಮ ಗುಮಾಸ್ತರು ಸಮಾಧಾನ ಹೇಳಿದರು. ಕೆಡದಿದ್ದರೇನು ಬಂತು? ಮಗು ಮುಳುಗಿದ ಜಾಗವನ್ನು ಸರಿಯಾಗಿ ತೋರಿಸೀತು, ಅಷ್ಟೆ. ಎತ್ತುವವರು ಯಾರು? "ಕೋಣನ ಮುಂದೆ ಕಿನ್ನರಿ ಯಾಕೆ ಬಾರಿಸ್ತೀಯ, ಸುಮ್ನಿರು," ಅನ್ನುತ್ತಾರೆ ಗಂಡ. ಹೇಗೆ ಸುಮ್ಮನಿರಲಿ? ನನಗೆ ಇನ್ನೊಂದು ಮಗುವಿದೆ.

ಆದ್ದರಿಂದ ನನ್ನ ಆಯ್ಕೆ ತಿಳಿಸುತ್ತೇನೆ, ಬರೆದುಕೊಳ್ಳಿ. ಮಣಿಕಟ್ಟಿನದೂ ಬೇಡ, ಕೊರಳಿನದೂ ಬೇಡ. ಕೊಳದ ದಡದಲ್ಲಿ ನನಗೊಬ್ಬರು ಮನುಷ್ಯರು ಬೇಕು, ಈಜು ಬಲ್ಲವರು, ಕೈಯಲ್ಲಿ ಫೋನಿಲ್ಲದವರು. ಇಳಿಯುವ ಮುಂಚೆ, ಮೇಲೆ ಬಂದ ಮೇಲೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಲಿ. "ಇದೀನಿ" ಎಂದು ನನ್ನ ಮಗಳು ತನ್ನ ಬಾಯಿಂದಲೇ ಹೇಳಲಿ. ಹೇಳದಿದ್ದರೆ, ಆ ಕ್ಷಣವೇ ಅವರು ನೀರಿಗೆ ಹಾರಲಿ.

ಇಂತಿ,
ಬೆಳಿಗ್ಗೆ ಈಗ ಒಬ್ಬಳಿಗೇ ಜಡೆ ಹೆಣೆಯುವ ತಾಯಿ