ಟೀಚರ್ ಕಳಿಸಿದ್ದ ಫೋಟೋಗಳು

ಮಾರ್ಚ್ 3, ಬೆಳಿಗ್ಗೆ
ಆಸ್ಪತ್ರೆ ಡ್ಯೂಟಿಗೆ ಹೊರಡೋ ಮುಂಚೆ ನಮ್ಮ ಕೆಳಗಿನ ಮನೆಗೆ ಹೋಗಿಬಂದೆ. ಹೊಸ ಬಾಡಿಗೆಯವರು ಬಂದು ಎರಡೇ ವಾರ. ಬಾತ್‌ರೂಮಿನ ಗೋಡೆ ಮತ್ತೆ ಒದ್ದೆ, ಪೇಂಟ್ ಗುಳ್ಳೆ ಎದ್ದಿದೆ. ಹಾಗಾದ್ರೆ... ಹಿಂದೆ ಇದ್ದ ಟೀಚರ್ ತಪ್ಪಲ್ಲ. ಕಳೆದ ವರ್ಷ ರಿಪೇರಿ ಮಾಡಿದ ಮೇಸ್ತ್ರಿ, ಕೆಲಸ ಪಕ್ಕಾ ಅಕ್ಕ, ಅವರೇ ಬೇಕಾಬಿಟ್ಟಿ ನೀರು ಹೊಯ್ತಾರೆ ಅಂದಿದ್ದ. ನಂಬಿದೆ. ಖಾಲಿ ಮಾಡುವಾಗ ಟೀಚರ್ ಅಡ್ವಾನ್ಸಿನಲ್ಲಿ ಅರ್ಧ ಹಿಡ್ಕೊಂಡೆ. ಅವರು ಜಗಳ ಆಡಲಿಲ್ಲ. ಆಡಬೇಕಿತ್ತು.

ಮಾರ್ಚ್ 6
ಪ್ಲಂಬರ್ ಟೈಲ್ಸ್ ಎಬ್ಬಿಸಿದ. ಕೆಳಗೆ ವಾಟರ್‌ಪ್ರೂಫಿಂಗ್ ಇಲ್ಲವೇ ಇಲ್ಲ. ಪೈಪ್ ಜಾಯಿಂಟಿಗೆ ಬರೀ ಸಿಮೆಂಟ್ ಮೆತ್ತಿದ್ದಾರೆ. ಮೇಸ್ತ್ರಿ ಒಂದು ಸಲ ಫೋನ್ ಎತ್ತಿ, ಆಮೇಲೆ ಹಾಳಾಗಿದ್ದಕ್ಕೆ ನಾನೇನು ಮಾಡ್ಲಿ ಅಂದ. ಮತ್ತೆ ಎತ್ತಲಿಲ್ಲ. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ ಅಂದರು — ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಮಾರ್ಚ್ 19
ವಕೀಲರನ್ನು ನೋಡಿದೆ. ಗ್ರಾಹಕರ ಕೋರ್ಟಿಗೆ ಹೋಗಬಹುದು, ಆದರೆ ಕೆಲಸ ಮುಗಿದ ಹೊಸತರಲ್ಲೇ ಸೋರಿತ್ತು ಅನ್ನೋದಕ್ಕೆ ಪುರಾವೆ ಬೇಕಂತೆ. ಆಗ ಆ ಮನೆಯಲ್ಲಿ ಇದ್ದದ್ದು ಟೀಚರ್. ಯಾವ ಮುಖ ಇಟ್ಕೊಂಡು ಹೋಗಲಿ.

ಏಪ್ರಿಲ್ 11, ಸಂಜೆ
ಮೂರು ವಾರ ಹಿಂದೆಮುಂದೆ ನೋಡಿ ಇವತ್ತು ಹೋದೆ. ತಾಯಿ ಮಗಳಿಗೆ ಈಗ ಒಂದೇ ರೂಮು. ಕೈಯಲ್ಲಿದ್ದ ಅಡ್ವಾನ್ಸಿಗೆ ಇಷ್ಟೇ ಸಿಕ್ಕಿದ್ದು ಅಂದರು, ದೂರೋ ಧ್ವನಿಯಲ್ಲಲ್ಲ. ಮಗಳು ಹೊಸಿಲ ಮೇಲೆ ಕೂತು ಹೋಂವರ್ಕ್ ಮಾಡ್ತಿದ್ದಳು. ಅಳುಕುತ್ತಲೇ ಕೇಳಿದೆ, ಆಗಿನ ಫೋಟೋ ಏನಾದ್ರೂ ಇದೆಯಾ ಅಂತ.
"ನಿಮ್ಮ ಫೋನಲ್ಲೇ ಇರಬೇಕಲ್ಲ, ಸಿಸ್ಟರ್."
ಇದ್ದವು. ತಾರೀಖು ಸಮೇತ ಹದಿನಾಲ್ಕು. ಮೊದಲನೆಯದು ಕೆಲಸ ಮುಗಿದ ಆರನೇ ದಿನದ್ದು. ಒಂದನ್ನೂ ತೆರೆದಿರಲಿಲ್ಲ ನಾನು.

ಜುಲೈ 2
ವಕೀಲರ ನೋಟಿಸ್ ಜೊತೆ ಫೋಟೋ ನೋಡಿ ಮೇಸ್ತ್ರಿ ಮೆತ್ತಗಾದ. ರಾಜಿ. ರಿಪೇರಿ ಖರ್ಚಿನ ಮುಕ್ಕಾಲು ಪಾಲು ವಾಪಸ್ ಬಂತು. ಗೆದ್ದಿರಿ ಅಂದರು ವಕೀಲರು. ಹೂಂ ಅಂದೆ.

ಜುಲೈ 5
ಹಿಡ್ಕೊಂಡಿದ್ದ ಅಡ್ವಾನ್ಸ್ ದುಡ್ಡನ್ನ ಟೀಚರಿಗೆ ತಲುಪಿಸಿದೆ. ತಪ್ಪಾಯ್ತು ಅಂದೆ. ಅವರು ದುಡ್ಡು ಪಕ್ಕಕ್ಕಿಟ್ಟು ಅಂದರು—
"ಆವತ್ತು ಮಗಳ ಎದುರಿಗೇ ನನ್ನ ಸುಳ್ಳಿ ಅಂದ್ರಿ. ತಪ್ಪಾಯ್ತು ಅನ್ನೋದನ್ನ ಅವಳಿಗೂ ಹೇಳಿ."
ಹುಡುಗಿಯನ್ನ ಕರೆದೆ. ನಿಮ್ಮಮ್ಮ ಹೇಳಿದ್ದೇ ನಿಜ ಕಣಮ್ಮ, ಸುಳ್ಳು ನಂಬಿದ್ದು ನಾನು ಅಂದೆ. ಅವಳು ನನ್ನನ್ನೇ ನೋಡಿ ಕೇಳಿದಳು, ಅಮ್ಮ ಅಷ್ಟು ಸಲ ಹೇಳಿದ್ರೂ ನೀವು ಯಾಕೆ ಒಂದ್ಸಲನೂ ಬಂದು ನೋಡ್ಲಿಲ್ಲ?
ಡ್ಯೂಟಿ ಇತ್ತು ಅನ್ನೋಣ ಅಂತ ಬಾಯಿ ತೆರೆದೆ. ಆದರೆ ನಾನಿದ್ದದ್ದು ಮೇಲಿನ ಮನೆಯಲ್ಲೇ, ಇಳಿದು ಬರೋಕೆ ಹದಿನೆಂಟು ಮೆಟ್ಟಿಲು, ಅದನ್ನೂ ಇಳೀಲಿಲ್ಲ.