ನೀರು ತುಂಬಿದ ಹಂಡೆ ಕದ್ದವರ ಬಗ್ಗೆ

ಕೋಟೇಶ್ವರ
21 ಅಕ್ಟೋಬರ್ 2025, ಮಂಗಳವಾರ

ಬ್ರಹ್ಮಾವರದಲ್ಲಿರುವ ಷಡ್ಡಕರಾದ ಶ್ರೀರಾಮ ಉರಾಳರಿಗೆ ಮಹಾಲಿಂಗ ಹೇರ್ಳೆ ಮಾಡುವ ನಮಸ್ಕಾರ. ನಮಸ್ಕಾರ ಬರೆದದ್ದು ರೂಢಿಗೆ. ಇಲ್ಲಿ ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಆಸೆ ನನಗಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಎರಡು ವರ್ಷದ ಹಿಂದೆ ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದೆ. ಬಿಡಿಸುವುದು ಹೇಗೆಂದು ಗೊತ್ತಿಲ್ಲ, ಗೊತ್ತಿದ್ದರೂ ಬಿಡಿಸುತ್ತಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಆದಿತ್ಯವಾರ, ನೀರು ತುಂಬುವ ಹಬ್ಬದ ದಿನ, ನಿಮ್ಮ ಮಗ ಸುಜಯ್ ಮತ್ತು ಅವನ ಗೆಳೆಯ, ಮದುವೆಮನೆಗೆ ಪಾತ್ರೆ ಬಾಡಿಗೆ ಕೊಡುವ ಅನೂಪ್, ಇಬ್ಬರೂ ಸೇರಿ ನನ್ನ ಹಿತ್ತಿಲಿಂದ ತಾಮ್ರದ ಹಂಡೆ ಕದ್ದರು. ಕುಂದಾಪುರದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರು ಇದಕ್ಕೊಂದು ಮಾತು ಹೇಳಿಕೊಟ್ಟಿದ್ದರು, ಡೇಲೈಟ್ ರಾಬರಿ ಅಂತ. ಡೇಲೈಟ್ ಇತ್ತು, ರಾಬರಿಯೂ ಇತ್ತು. ಬುದ್ಧಿ ಒಂದು ಇರಲಿಲ್ಲ. ಅದು ಎಲ್ಲಿಂದ ಬರಬೇಕು, ತಂದೆಯ ಕಡೆಯಿಂದ ಬರಬೇಕಲ್ಲ.

ಅವನನ್ನು ಕಳಿಸಿದ್ದು ನೀವೇ ಎಂದು ನನಗೆ ಗೊತ್ತು. ಪದ್ಮಾಕ್ಷಿಯ ವೈಕುಂಠ ಸಮಾರಾಧನೆಯ ದಿನ, ಪಂಕ್ತಿಗೆ ಪಾಯಸ ಬರುವ ಹೊತ್ತಿಗೆ, ಅಷ್ಟು ಜನರ ಎದುರು ನೀವು ಕೇಳಿದಿರಿ: ಹಂಡೆ ನಮ್ಮ ಅತ್ತೆಮನೆಯದ್ದು, ಅಕ್ಕ ಹೋದ ಮೇಲೆ ತಂಗಿಗೆ ಸೇರಬೇಕು, ಯಾವಾಗ ಕಳಿಸುತ್ತೀರಿ ಎಂದು. ಹೆಂಡತಿ ಹೋಗಿ ಹದಿಮೂರು ದಿನವಾದವನ ಹತ್ತಿರ ಕೇಳುವ ಮಾತೇ ಅದು? ಆ ದಿನ ಕೊಡುವುದಿಲ್ಲ ಎಂದೆ. ಈಗಲೂ ಅದೇ. ವಸ್ತು ಯಾರ ಕೈಯಲ್ಲಿದೆಯೋ ಹಕ್ಕು ಅವರದ್ದೇ ಎಂಬುದಕ್ಕೆ ಕೋರ್ಟಿನವರ ಇಂಗ್ಲಿಷಿನಲ್ಲಿ ಪೊಸೆಷನ್ ಈಸ್ ನೈನ್ ಪಾಯಿಂಟ್ಸ್ ಆಫ್ ಲಾ. ನೈನೋ ನೈಂಟೀನೋ, ಎಷ್ಟಿದ್ದರೂ ಅಷ್ಟೂ ನನ್ನವೇ.

ಅವಳು ಹೋದ ಮೇಲೆ ಎರಡು ವರ್ಷ ನಾನು ಹಂಡೆಗೆ ನೀರು ತುಂಬಿಸಲಿಲ್ಲ. ಗೀಸರ್ ಹಾಕಿಸುವಾಗ ಅದನ್ನು ಬಚ್ಚಲಿನ ಒಲೆಯಿಂದ ಕೀಳಿಸಿ ಹಿತ್ತಿಲಲ್ಲಿ ಮೂರು ಕಲ್ಲಿನ ಮೇಲೆ ಕೂರಿಸಿದ್ದೆ. ಈ ವರ್ಷ ಏನನ್ನಿಸಿತೋ, ಹುಣಸೆಹುಳಿ ಹಾಕಿ ತಿಕ್ಕಿದೆ. ಬಿಳಿ ಶೇಡಿಮಣ್ಣಿನಲ್ಲಿ ಗೆರೆ ಎಳೆದೆ, ಕುತ್ತಿಗೆಗೆ ಹಿಂಡ್ಲೆ ಬಳ್ಳಿ ಸುತ್ತಿದೆ, ಬಾವಿಯಿಂದ ಹದಿನಾಲ್ಕು ಕೊಡಪಾನ ಎಳೆದು ತುಂಬಿಸಿದೆ. ನಾಲ್ಕು ಇಪ್ಪತ್ತಕ್ಕೆ ಕೆಲಸ ಮುಗಿಯಿತು. ಮೂವತ್ತೊಂದು ವರ್ಷ ಬಸ್ಸುಗಳಿಗೆ ಟೈಮ್ ಕೀಪರ್ ಆಗಿದ್ದವನಿಗೆ ಹೊತ್ತು ತಪ್ಪುವುದಿಲ್ಲ. ನಾಲ್ಕೂವರೆಗೆ ದಿನದಂತೆ ಬಸ್ ಸ್ಟ್ಯಾಂಡಿನ ಕಟ್ಟೆಗೆ ಹೋಗಿ ಕೂತೆ. ಐದು ಐದರ ಭಟ್ಕಳ ಬಸ್ಸು ನೋಡದೆ ನಾನು ಏಳುವುದಿಲ್ಲ ಎಂಬುದು ನಿಮ್ಮ ಮಗನಿಗೂ ಗೊತ್ತು. ಅದಕ್ಕೇ ಆ ಹೊತ್ತು ಹಿಡಿದು ಬಂದದ್ದು.

ಇನ್ನು ನಮ್ಮ ಊರಿನವರ ಕತೆ. ಅದನ್ನು ಬರೆಯಲು ನನಗೆ ನಾಚಿಕೆ.

ಇಬ್ಬರೂ ಮುಖಕ್ಕೆ ಮಾಸ್ಕ್ ಹಾಕಿ ಬಂದಿದ್ದರು. ಪಕ್ಕದ ಮನೆಯ ಕುಸುಮ ಬೇಲಿಯಾಚೆಯಿಂದ ಕಂಡಳು. ಕಂಡವಳು ಕೂಗಬೇಕೋ ಬೇಡವೋ? ಹಬ್ಬದ ದಿನ ಬಂದವರು ಏನನ್ನೂ ಕುಡಿಯದೆ ಹೋಗಬಾರದೆಂದು ಎರಡು ಲೋಟ ಚಾ ತಂದು ಕೊಟ್ಟಳು. ಚಾ ಕುಡಿಯಲು ಕಳ್ಳರು ಮಾಸ್ಕ್ ತೆಗೆದರು. ಇಂಥ ಕಳ್ಳರನ್ನು ಯಾವ ಪೊಲೀಸರೂ ಈವರೆಗೆ ಕಂಡಿರಲಾರರು. ಹೋ ಸುಜಯ್, ನೀನಾ ಎಂದು ಅವಳಿಗೆ ಸಂತೋಷವೋ ಸಂತೋಷ. ಹಂಡೆ ಸೋರುತ್ತಿದೆ, ಬೆಸುಗೆ ಹಾಕಿಸಿ ತರಲು ದೊಡ್ಡಪ್ಪಯ್ಯ ಹೇಳಿದ್ದಾರೆ ಎಂದನಂತೆ. ನೀರು ಯಾಕೆ ಚೆಲ್ಲಲಿಲ್ಲ ಎಂದದ್ದಕ್ಕೆ, ಎಲ್ಲಿ ಸೋರುತ್ತದೆಂದು ಬೆಸುಗೆಯವನಿಗೆ ಗೊತ್ತಾಗಬೇಡವೇ ಎಂದನಂತೆ. ಅವಳು ನಂಬಿದಳು.

ತುಂಬಿದ ಹಂಡೆ ಇಬ್ಬರಿಂದ ಏಳುತ್ತದೆಯೇ? ಕುಸುಮ ತನ್ನ ಗಂಡ ಕುಷ್ಟನನ್ನು ಕರೆದಳು. ಕುಷ್ಟ ತೆಂಗಿನಮರ ಹತ್ತುವ ಮುತ್ತನನ್ನು ಕರೆದ. ನಾಲ್ಕು ಜನ ಹಗ್ಗ ಬಿಗಿದು, ಬಿದಿರು ತೂರಿಸಿ, ಹೆಗಲು ಕೊಟ್ಟು ಅನೂಪನ ಓಮ್ನಿಗೆ ಏರಿಸಿದರು. ಬಾಯಿಗೆ ಮುಚ್ಚಲು ಬಾಳೆಲೆ ಕೊಯ್ದು ಕೊಟ್ಟವಳೂ ಕುಸುಮಳೇ, ನನ್ನದೇ ಬಾಳೆಯಿಂದ.

ಓಮ್ನಿಗೆ ಎಂಜಿನ್ ಸೀಟಿನ ಅಡಿಯಲ್ಲಿ. ರಸ್ತೆಯ ಒಂದೊಂದು ಹಂಪ್‌ಗೆ ಒಂದೊಂದು ಕೊಡಪಾನದಂತೆ ಹಬ್ಬದ ನೀರು ಎಂಜಿನ್ನಿಗೆ ಇಳಿದು, ಐದು ಗಂಟೆ ಮೂರು ನಿಮಿಷಕ್ಕೆ ಗಾಡಿ ಬಸ್ ಸ್ಟ್ಯಾಂಡಿನ ಬಾಯಲ್ಲೇ ನಿಂತಿತು. ಹಿಂದೆ ಭಟ್ಕಳ ಬಸ್ಸು ಹಾರ್ನ್ ಹೊಡೆಯುತ್ತಿದೆ. ನಾನು ಎದ್ದು ಹೋದೆ. ಯಾರ ಗಾಡಿ, ಒಳಗೆ ಏನು ಎಂದು ನೋಡಲಿಲ್ಲ. ಸರ್ವಿಸ್ ಲೇಟಾಗುತ್ತದೆಂಬುದೊಂದೇ ತಲೆಯಲ್ಲಿ. ನಾಲ್ಕು ಜನರ ಜೊತೆ ನಾನೂ ಹಿಂದಿನಿಂದ ತಳ್ಳಿದೆ. ಹೌದು, ನನ್ನ ಹಂಡೆ ಕದ್ದ ಗಾಡಿಯನ್ನು ನಾನೇ ತಳ್ಳಿದೆ. ಇದನ್ನು ನೀವು ಊರೆಲ್ಲ ಹೇಳಿ ನಗುತ್ತೀರಿ, ನಗಿ. ಹಿಂಬಾಗಿಲಿನ ಸಂದಿಯಿಂದ ತಣ್ಣೀರು ನನ್ನ ಪಾದಕ್ಕೆ ಬಿತ್ತು. ತಲೆ ಎತ್ತಿದರೆ ಗಾಜಿನೊಳಗೆ ನಾನೇ ಸುತ್ತಿದ ಹಿಂಡ್ಲೆ ಬಳ್ಳಿ, ಅದರ ಹಿಂದೆ ಹಂಡೆಯನ್ನು ತಬ್ಬಿ ಕೂತ ನಿಮ್ಮ ಮಗ.

ಕಳ್ಳರು, ಹಿಡಿಯಿರಿ ಎಂದು ಕೂಗಿದೆ. ಒಬ್ಬನೂ ಹಿಡಿಯಲಿಲ್ಲ. ಮುತ್ತನೂ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ. ಅವನ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ:

"ಹ್ವಾಯ್ ಹೇರ್ಳ್ರೆ, ಎಂತ ಮಾತಾಡ್ತ್ರಿ? ಕಳ್ಳ್ರ್ ಯಾರಾರೂ ನೀರ್ ಸಮೇತ ಹಂಡೆ ಕೊಂಡ್ಹೋತ್ರಾ?"

ಜನ ನಕ್ಕರು. ಹಬ್ಬದ ದಿನ ಬೆಸುಗೆಯ ಅಂಗಡಿ ಮುಚ್ಚಿರುತ್ತದಲ್ಲ ಎಂದು ಒಬ್ಬರಿಗೆ ಚಿಂತೆ. ಬಸ್ಸಿನ ಕಂಡಕ್ಟರ್ ಕೂಡ ಇಳಿದು ಬಂದು ಎಂಜಿನ್ ಒರೆಸಲು ಬಟ್ಟೆ ಕೊಟ್ಟ. ಕೊನೆಗೆ ಓಮ್ನಿಯನ್ನು ತಿರುಗಿಸಿ, ಹೆಗಲು ಬದಲಿಸುತ್ತ, ನನ್ನ ಅಂಗಳದವರೆಗೂ ತಳ್ಳಿಕೊಂಡೇ ಬಂದರು. ಹಂಡೆಯನ್ನು ಇಳಿಸಿ ಮೂರು ಕಲ್ಲಿನ ಮೇಲೆ ಕೂರಿಸಿ, ಸೋರುವುದು ಕಾಣುವುದಿಲ್ಲವಲ್ಲ ಎಂದು ಸುತ್ತ ಬಗ್ಗಿ ನೋಡಿ ಹೋದರು.

ಎಲ್ಲರೂ ಹೋದ ಮೇಲೆ ನಿಮ್ಮ ಮಗನನ್ನು ಕೇಳಿದೆ: ಮೂರ್ಖ, ನೀರು ಚೆಲ್ಲಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು, ನಿನ್ನನ್ನು ಯಾರೂ ಕಾಣುತ್ತಿರಲಿಲ್ಲ, ಯಾಕೆ ಚೆಲ್ಲಲಿಲ್ಲ? ಅವನು ನೆಲ ನೋಡುತ್ತ ಹೇಳಿದ:

"ತುಂಬ್ಸಿದ್ ಹಬ್ಬದ್ ನೀರ್ ಮೀಯುಕ್ ಮೊದ್ಲ್ ಚೆಲ್ಲುಕಾಗ ದೊಡ್ಡಪ್ಪಯ್ಯ. ದೊಡ್ಡಮ್ಮನೇ ಹೇಳ್ಕೊಟ್ಟದ್ದಲ್ದಾ?"

ಮೀಯುವ ಮೊದಲು ಆ ನೀರು ಚೆಲ್ಲಬಾರದೆಂದು ಅವಳು ಹೇಳುತ್ತಿದ್ದದ್ದು ಹೌದು. ಗಾಡಿ ಸ್ಟಾರ್ಟ್ ಆಗಲಿಲ್ಲ, ಇಬ್ಬರೂ ಜಗಲಿಯಲ್ಲೇ ಮಲಗಿದರು. ಚತುರ್ದಶಿಯ ಬೆಳಿಗ್ಗೆ ಕುಸುಮ ಎಣ್ಣೆ ಕಾಯಿಸಿ ತಂದಳು; ಹಂಡೆಯಡಿ ಬೆಂಕಿ ಹಾಕಿ ಹುಡುಗರಿಬ್ಬರೂ ನಾನೂ ಅದೇ ನೀರಿನಲ್ಲಿ ಮಿಂದೆವು. ಇದನ್ನು ರಾಜಿ ಎಂದು ತಿಳಿಯಬೇಡಿ. ನೀರು ಬಿಸಿಯಾಗಿತ್ತು, ಅಷ್ಟೇ.

ಪೊಲೀಸ್ ಕಂಪ್ಲೇಂಟ್ ಬರೆದಿಟ್ಟಿದ್ದೇನೆ, ಇಂಗ್ಲಿಷಿನಲ್ಲಿ. ಐ ದಿ ಅಂಡರ್‌ಸೈನ್ಡ್ ಎಂದು ಶುರು, ಫಾರ್ ವಿಚ್ ಆಕ್ಟ್ ಆಫ್ ಕೈಂಡ್‌ನೆಸ್ ಎಂದು ಮುಕ್ತಾಯ. ಸಹಿ ಒಂದು ಬಾಕಿ. ನಿಮ್ಮ ಮಗನಿಗೆ ಮದುವೆ ನಿಶ್ಚಯವಾಗಿದೆ, ಹೆಣ್ಣು ಸಾಲಿಗ್ರಾಮದ್ದು ಎಂದು ಅವನೇ ಹೇಳಿದ. ಕೋಟೇಶ್ವರದಿಂದ ಸಾಲಿಗ್ರಾಮಕ್ಕೆ ಬಸ್ಸಿಗೆ ಇಪ್ಪತ್ತೈದು ನಿಮಿಷ; ಸುದ್ದಿಗೆ ಅಷ್ಟೂ ಬೇಡ. ಶುಕ್ರವಾರದೊಳಗೆ, ಹಂಡೆಯ ಮೇಲೆ ನಮಗೆ ಹಕ್ಕಿಲ್ಲ, ಇನ್ನು ಕೇಳುವುದಿಲ್ಲ ಎಂದು ನೀವು ನಿಮ್ಮ ಕೈಯಾರೆ ಬರೆದು ಕಳಿಸದಿದ್ದರೆ ಸಹಿ ಹಾಕುತ್ತೇನೆ.

ನಿಮ್ಮ ಮಾತು ಕೇಳಬೇಕೆಂಬ ಆಸೆ ಇಲ್ಲದ ಷಡ್ಡಕ,
ಮಹಾಲಿಂಗ ಹೇರ್ಳೆ

ಮತ್ತೆ ಬರೆದದ್ದು: ಕವರ್ ಅಂಟಿಸಿದ್ದೆ, ಬಿಡಿಸಿದೆ. ಆಸ್ಪತ್ರೆಯಲ್ಲಿ ಕೊನೆಯ ವಾರ ಪದ್ಮಾಕ್ಷಿ ನನ್ನ ಕೈ ಹಿಡಿದು ಹೇಳಿದ್ದಳು, ಹಂಡೆಯನ್ನು ತಂಗಿ ಕ್ಷಮಾಳಿಗೆ ಕೊಡಿ, ಬರುವ ದೀಪಾವಳಿಗೆ ಅವಳು ಅದರಲ್ಲೇ ಮೀಯಲಿ ಎಂದು. ಆಯ್ತು ಎಂದಿದ್ದೆ. ನಾನೇ ಕಳಿಸುವವನಿದ್ದೆ. ಅಷ್ಟರಲ್ಲಿ ನೀವು ಪಾಯಸದ ಹೊತ್ತಿಗೆ ಬಾಯಿ ಹಾಕಿದಿರಿ. ಅದೇ ನೆಪವಾಗಿ ಎರಡು ವರ್ಷದಿಂದ ಅವಳ ಮಾತನ್ನು ನಾನು ಅಡಗಿಸಿಟ್ಟಿದ್ದೇನೆ. ಕಂಪ್ಲೇಂಟ್ ಈಗ ಒಲೆಯಲ್ಲಿದೆ. ಹಂಡೆಯ ನೀರು ಖಾಲಿ ಮಾಡಿ, ಒರೆಸಿ, ಜಗಲಿಯಲ್ಲಿ ಕವುಚಿ ಹಾಕಿದ್ದೇನೆ. ಕ್ಷಮಾಳನ್ನು ಕರೆದುಕೊಂಡು ಬನ್ನಿ, ಅಕ್ಕನ ಮಾತನ್ನು ನಾನೇ ಅವಳಿಗೆ ಹೇಳಬೇಕು. ನೀವು ಗೇಟಿನ ಹೊರಗೆ ನಿಲ್ಲಿ.